‘ಬೆಣ್ಣೆಬಟ್ಟಲು’ ಬೇಡ ಅನಿಸುತ್ತಿದೆ, ಬೇರೆ ಪದ ಇದೆಯಾ?

ಗೋಧಿ ಹೊಲದ ಕಳೆಗಳ ಮೇಲೆ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಗಿಡದ ಹೆಸರಿಗೆ ನಾಲ್ಕು ದಿನದಿಂದ ತಡಕಾಡುತ್ತಿದ್ದೇನೆ. ರನನ್‌ಕ್ಯುಲಸ್ ಆರ್ವೆನ್ಸಿಸ್, ಇಂಗ್ಲಿಷಿನಲ್ಲಿ ಕಾರ್ನ್ ಬಟರ್‌ಕಪ್. ಕಾಶ್ಮೀರ, ಹಿಮಾಚಲದ ಗೋಧಿ ಹೊಲಗಳಲ್ಲಿ ಬೆಳೆಯುತ್ತದೆ. ಧಾರವಾಡದ ಕಡೆ ನಾನು ನೋಡಿಲ್ಲ.

‘ಬೆಣ್ಣೆಬಟ್ಟಲು’ ಎಂದು ಬರೆದು ಹೊಡೆದುಹಾಕಿದೆ. ಕೇಳಲು ಚಂದ. ಆದರೆ ಈ ಗಿಡ ವಿಷ. ಹಸಿ ಎಲೆ ಜಜ್ಜಿದರೆ ಬರುವ ರಸ ತಾಗಿ ಮೈ ಗುಳ್ಳೆ ಏಳುತ್ತದೆ. ಟರ್ಕಿಯಲ್ಲಿ ಕೀಲುನೋವಿಗೆ ಇದನ್ನು ಅರೆದು ಕಟ್ಟಿಕೊಂಡು ಚರ್ಮ ಸುಟ್ಟುಕೊಂಡವರಿದ್ದಾರೆ. ಇಂಥದ್ದಕ್ಕೆ ಬೆಣ್ಣೆಯ ಹೆಸರು ಸರಿಯಲ್ಲ, ಅಲ್ವಾ?

ಅಣ್ಣಿಗೇರಿಯ ಸೋದರಮಾವನಿಗೆ ಚಿತ್ರ ತೋರಿಸಿದೆ. ಮೊಬೈಲನ್ನು ಕಣ್ಣ ಹತ್ತಿರ ಹಿಡಿದು, “ನೆಗ್ಗಿಲಮುಳ್ಳ ಇದ್ದಂಗ ಐತಲ್ಲೋ ಇದು” ಅಂದರು. ನಿಜ. ಅದೇ ಐದೆಸಳಿನ ಹಳದಿ ಹೂವು, ಅದೇ ಮುಳ್ಳುಕಾಯಿ. ಆದರೆ ನೆಗ್ಗಿಲು ನೆಲಕ್ಕೆ ಹಬ್ಬುತ್ತದೆ, ಇದು ಗೋಧಿಯ ನಡುವೆ ನೆಟ್ಟಗೆ ಏಳುತ್ತದೆ. ನೆಗ್ಗಿಲಕಾಯಿ ಗಟ್ಟಿ, ಚಪ್ಪಲಿಯನ್ನೂ ಬಿಡುವುದಿಲ್ಲ. ಇದರ ಕಾಯಿಗಳು ಚಪ್ಪಟೆ. 4ರಿಂದ 8, ಹೂವಿದ್ದ ಜಾಗದಲ್ಲೇ ಸುತ್ತುಗಟ್ಟಿ ಕೂತಿರುತ್ತವೆ.

ಹಾಗಾದರೆ ‘ಗೋಧಿನೆಗ್ಗಿಲು’ ಅನ್ನೋಣ ಅನಿಸಿತು. ಅದನ್ನೂ ಬಿಟ್ಟೆ. ಮೂತ್ರದ ತೊಂದರೆಗೆ ನೆಗ್ಗಿಲ ಕಷಾಯ ಕುಡಿಯುವವರು ನಮ್ಮಲ್ಲಿ ಇದ್ದಾರೆ. ಹೆಸರು ನಂಬಿ ಯಾರಾದರೂ ಇದನ್ನು ಕುದಿಸಿದರೆ?

ಲ್ಯಾಟಿನ್ ಹೆಸರನ್ನೇ ಬಿಡಿಸಿ ನೋಡಿದೆ. ರನನ್‌ಕ್ಯುಲಸ್ ಅಂದರೆ ಪುಟ್ಟ ಕಪ್ಪೆ. ಈ ಬಳಗದ ಎಷ್ಟೋ ಗಿಡಗಳಿಗೆ ತೇವದ ಜಾಗ ಇಷ್ಟ. ಆರ್ವೆನ್ಸಿಸ್ ಅಂದರೆ ಉತ್ತ ಹೊಲದ್ದು. ‘ಹೊಲಗಪ್ಪೆ’ ಆಗಬಹುದು, ಆದೇಶ ಸಂಧಿಯೂ ಸಲೀಸು. ಆದರೆ ಓದಿದವರ ಕಣ್ಣಿಗೆ ಗಿಡ ಬರುವುದಿಲ್ಲ, ಕಪ್ಪೆಯೇ ಬರುತ್ತದೆ.

ಈಗ ‘ಗುಳ್ಳೆಕಸ’ದ ಕಡೆಗೆ ವಾಲಿದ್ದೇನೆ. ಹೆಸರಲ್ಲೇ ಎಚ್ಚರಿಕೆ ಇದೆ. ಒಂದೇ ಅಳುಕು: ನಮ್ಮ ಕಡೆ ಹೊಲದಲ್ಲಿ ‘ಕಸ ಬಾಳ ಆಗೈತಿ’ ಅಂದರೆ ಕಳೆ ಅಂತಲೇ ಅರ್ಥ. ಮೈಸೂರು ಕಡೆಯವರಿಗೆ ಕಸ ಅಂದ ಕೂಡಲೇ ಪೊರಕೆ ನೆನಪಾಗುತ್ತದೆ. ‘ಗುಳ್ಳೆಕಳೆ’ ಎಂದರೆ ಎಲ್ಲರಿಗೂ ತಿಳಿದೀತು, ಆದರೆ ನಮ್ಮ ಹೊಲದ ಮಾತಿನ ರುಚಿ ಹೋಗುತ್ತದೆ.

ಹಾವೇರಿ, ಗದಗದ ಕಡೆ ಮೈಗೆ ತಾಗಿದರೆ ಗುಳ್ಳೆ ಏಳಿಸುವ ಕಸಕ್ಕೆ ಏನನ್ನುತ್ತೀರಿ? ‘ಗುಳ್ಳೆಕಸ’ ಎಂಬ ಹೆಸರು ಈಗಾಗಲೇ ಬೇರೆ ಯಾವುದಾದರೂ ಗಿಡಕ್ಕೆ ಇದ್ದರೆ ದಯವಿಟ್ಟು ತಿಳಿಸಿ, ಅಚ್ಚಿಗೆ ಕೊಡುವ ಮೊದಲೇ ಬದಲಿಸುತ್ತೇನೆ.