ಹಿಪ್ಪುನೇರಳೆ ‘ಒಳಾಂಗಣ ಗಿಡ’ವೇ? ‘ಸವರುವುದು’, ‘ಕಟಾವು’, ‘ತುಕ್ರ’ ಪದಗಳ ಬಳಕೆ ಕುರಿತು

ಬಲ್ಲವರಿಗೆ ನಮಸ್ಕಾರ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಿಪ್ಪುನೇರಳೆಯನ್ನು ಕುಂಡದಲ್ಲಿ ಬೆಳೆಸುವ ಆಸಕ್ತಿ ಹೆಚ್ಚುತ್ತಿದೆ. ಕೆಲವರಿಗೆ ಹಣ್ಣಿನ ಆಸೆ, ಕೆಲವರ ಮನೆಯಲ್ಲಿ ಶಾಲೆಯ ಮಕ್ಕಳು ನಾಲ್ಕಾರು ರೇಷ್ಮೆ ಹುಳು ಸಾಕಿ ನೋಡಬೇಕೆನ್ನುತ್ತಾರೆ. ಇವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ತಲೆಬರಹದಲ್ಲೇ ತೊಡಕು. ಮನೆಯೊಳಗೆ ಇಡುವ ಗಿಡಗಳಿಗೆ ಈಗ ಪತ್ರಿಕೆಗಳಲ್ಲಿ ‘ಒಳಾಂಗಣ ಗಿಡ’ ಎಂಬ ಪದ ನೆಲೆಯೂರಿದೆ. ಅಂಗಣ ಅಥವಾ ಅಂಗಳ ಎಂದರೆ ಸೂರಿಲ್ಲದ ಜಾಗ. ಒಳ ಅಂಗಣ ಎಂದರೆ ಮನೆಯ ನಡುವೆ ಇದ್ದೂ ಆಕಾಶಕ್ಕೆ ತೆರೆದುಕೊಂಡಿರುವ ಜಾಗ. ಮೈಸೂರು, ಮಂಡ್ಯ ಸೀಮೆಯ ತೊಟ್ಟಿ ಮನೆಗಳ ತೊಟ್ಟಿ ಅದೇ. ಅಲ್ಲಿ ಬಿಸಿಲೂ ಬೀಳುತ್ತದೆ, ಮಳೆಯೂ ಸುರಿಯುತ್ತದೆ. ಈ ಅರ್ಥದಲ್ಲಾದರೆ ಹಿಪ್ಪುನೇರಳೆ ಒಳಾಂಗಣಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ‘ಒಳಾಂಗಣ ಕ್ರೀಡಾಂಗಣ’, ‘ಒಳಾಂಗಣ ವಿನ್ಯಾಸ’ ಎಂದು ಓದಿ ರೂಢಿಯಾದವರಿಗೆ ಈ ಪದದ ಅರ್ಥ ಸೂರಿನ ಕೆಳಗೆ ಎಂದೇ. ಹಾಗೆ ತಿಳಿದವರು ಕುಂಡವನ್ನು ಹಜಾರದ ಮೂಲೆಯಲ್ಲಿ, ಟಿವಿಯ ಪಕ್ಕದಲ್ಲಿ ಇಡುತ್ತಾರೆ. ಹಿಪ್ಪುನೇರಳೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದು ಸಿಗದಿದ್ದರೆ ಗೆಣ್ಣಿಗೂ ಗೆಣ್ಣಿಗೂ ಅಂತರ ಹೆಚ್ಚಿ ಕಡ್ಡಿ ಸಣಕಲಾಗುತ್ತದೆ, ಎಲೆ ತೆಳುವಾಗಿ ಹಳದಿಗೆ ತಿರುಗಿ ಉದುರುತ್ತದೆ, ಹಣ್ಣಿನ ಮಾತೇ ಇರುವುದಿಲ್ಲ. ಮನಿ ಪ್ಲಾಂಟ್ ಸಹಿಸುವ ನೆರಳನ್ನು ಈ ಗಿಡ ಸಹಿಸುವುದಿಲ್ಲ.

ಸ್ಟೇಡಿಯಂ ವಿಷಯದಲ್ಲಿ ಪದದ ಅರ್ಥ ಹೊರಳಿದ್ದರೆ ನನ್ನ ತಕರಾರೇನೂ ಇಲ್ಲ. ಗಿಡದ ವಿಷಯದಲ್ಲಿ ಮಾತ್ರ ಈ ಪದ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಜಾಗವನ್ನು ಬಿಟ್ಟು ಪಾತ್ರೆಯ ಹೆಸರು ಹಿಡಿದು ‘ಕುಂಡದ ಗಿಡ’ ಎಂದು ಬರೆದಿದ್ದೇನೆ. ಕುಂಡ ಬಾಲ್ಕನಿಯಲ್ಲಿರಬಹುದು, ಜಗಲಿಯಲ್ಲಿರಬಹುದು, ತಾರಸಿಯಲ್ಲಿರಬಹುದು, ದಕ್ಷಿಣದ ಅಥವಾ ಪಶ್ಚಿಮದ ದೊಡ್ಡ ಕಿಟಕಿಗೆ ಅಂಟಿಕೊಂಡೂ ಇರಬಹುದು. ‘ಮನೆಮದ್ದು’, ‘ಮನೆಗೆಲಸ’ಗಳ ಜಾಡಿನಲ್ಲಿ ‘ಮನೆಗಿಡ’ ಎನ್ನಬಹುದಲ್ಲ ಎಂದು ಗೆಳತಿಯೊಬ್ಬರು ಸೂಚಿಸಿದರು. ಕಿವಿಗೆ ಹಿತವಾಗಿದೆ, ಆದರೆ ಅದರಲ್ಲೂ ಗಿಡ ಮನೆಯೊಳಗೇ ಇರಬೇಕು ಎಂಬ ಸೂಚನೆ ಉಳಿಯುತ್ತದೆ.

ಇನ್ನು ಇದು ಗಿಡವೋ ಮರವೋ? ಸುಮ್ಮನೆ ಬಿಟ್ಟರೆ ಹಿಪ್ಪುನೇರಳೆ ಹತ್ತು ಮೀಟರ್ ಮೀರಿ ಬೆಳೆಯುವ ಮರ. ಮಳವಳ್ಳಿ, ಮದ್ದೂರು ಕಡೆಯ ನೀರಾವರಿ ಹೊಲಗಳಲ್ಲಿ ಅದನ್ನು ವರ್ಷಕ್ಕೆ ಐದು ಬೆಳೆಯ ಲೆಕ್ಕದಲ್ಲಿ ಬುಡದ ಹತ್ತಿರ ಕತ್ತರಿಸುತ್ತಲೇ ಇರುವುದರಿಂದ ಅದು ಪೊದೆಯಾಗಿಯೇ ಉಳಿಯುತ್ತದೆ. ಅಲ್ಲಿ ಯಾರೂ ಅದನ್ನು ಮರ ಎನ್ನುವುದಿಲ್ಲ. ಅಂತರ ಹೆಚ್ಚಿಸಿ ಒಂದು ಕಾಂಡವನ್ನು ಎತ್ತರಿಸಿ ಬೆಳೆಸುವ ಕ್ರಮಕ್ಕೆ ‘ಮರಕಡ್ಡಿ’ ಎಂಬ ಹೆಸರಿದೆ. ಅಂದರೆ ಗಿಡ, ಮರ ಎಂಬ ಭೇದ ಇಲ್ಲಿ ಜಾತಿಯಿಂದ ಬಂದದ್ದಲ್ಲ, ಕುಡುಗೋಲು ಎಷ್ಟು ಎತ್ತರದಲ್ಲಿ ಬೀಳುತ್ತದೆ ಎಂಬುದರಿಂದ ಬಂದದ್ದು. ಕುಂಡದಲ್ಲಿ ಬೆಳೆಸುವವರೂ ಕತ್ತರಿಸುತ್ತಲೇ ಇರಬೇಕಾಗುವುದರಿಂದ ‘ಗಿಡ’ ಎಂದೇ ಬರೆದಿದ್ದೇನೆ.

‘ಎಲೆ’ ಮತ್ತು ‘ಸೊಪ್ಪು’ ಕೂಡ ಹೀಗೆಯೇ. ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯ ಎಲೆಯನ್ನು ಸೊಪ್ಪು ಎನ್ನುತ್ತಾರೆ, ಅದು ತಿನ್ನುವ ಜೀವಕ್ಕಾಗಿ ಕೊಯ್ದದ್ದು. ಗಿಡದಿಂದ ತಾನಾಗಿ ಉದುರುವುದು ಎಲೆ. ‘ಸೊಪ್ಪು ಉದುರಿತು’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ರೋಗದ ಭಾಗದಲ್ಲಿ ‘ಎಲೆ’, ಹುಳುವಿಗೆ ಕೊಡುವ ಭಾಗದಲ್ಲಿ ‘ಸೊಪ್ಪು’ ಎಂದು ಬೇರೆಬೇರೆಯಾಗಿಯೇ ಇಟ್ಟಿದ್ದೇನೆ.

ರೋಗದ ಹೆಸರುಗಳಲ್ಲಿ ಎರಡು ಪದ ನನಗೆ ಹೆಚ್ಚು ಚಿಂತೆ ತಂದಿವೆ: ತುಕ್ಕು ಮತ್ತು ತುಕ್ರ. ತುಕ್ಕು ರೋಗ ಶಿಲೀಂಧ್ರದಿಂದ ಬರುತ್ತದೆ, ಎಲೆಯ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ತುಕ್ರ ಬೇರೆಯೇ. ಗುಲಾಬಿ ಬಣ್ಣದ ಹಿಟ್ಟು ತಿಗಣೆ ಕುಡಿಯಲ್ಲಿ ಸೇರಿ ರಸ ಹೀರಿದಾಗ ಕುಡಿಯ ಎಲೆಗಳು ಮುದುಡಿ, ದಪ್ಪಗಾಗಿ, ಗಂಟುಗಂಟಾಗಿ ನಿಲ್ಲುತ್ತವೆ. ತುಕ್ಕಿಗೆ ರೋಗ ತಗುಲಿದ ಎಲೆಗಳನ್ನು ತೆಗೆದು, ಗಾಳಿಯಾಡುವ ಹಾಗೆ ಗಿಡಗಳ ನಡುವೆ ಅಂತರ ಕೊಡಬೇಕು. ತುಕ್ರಕ್ಕೆ ಮುದುಡಿದ ಕುಡಿಯನ್ನೇ ಚಿವುಟಿ ಸುಡಬೇಕು. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಚಿಕಿತ್ಸೆಯೇ ಬದಲಾಗುತ್ತದೆ. ಅಚ್ಚಿನಲ್ಲಿ ತುಕ್ರವನ್ನು ಯಾರಾದರೂ ತುಕ್ಕು ಎಂದು ‘ತಿದ್ದಿ’ಬಿಟ್ಟರೆ ಏನು ಗತಿ? ಅದಕ್ಕಾಗಿ ‘ಕುಡಿ ಮುದುಡು ರೋಗ’ ಎಂದು ಬರೆದು, ರೈತರು ಇದನ್ನು ತುಕ್ರ ಎನ್ನುತ್ತಾರೆ ಎಂದು ಪಕ್ಕದಲ್ಲಿ ಸೇರಿಸಿದ್ದೇನೆ. ಒಪ್ಪಿಗೆಯೇ? ಹುಳುವಿಗೆ ಸೊಪ್ಪು ಕೊಡುವವರು ಇವೆರಡರಲ್ಲಿ ಯಾವುದಕ್ಕೂ ಕೀಟನಾಶಕ ಸಿಂಪಡಿಸಬಾರದು ಎಂಬುದನ್ನು ದಪ್ಪ ಅಕ್ಷರದಲ್ಲೇ ಹಾಕುತ್ತಿದ್ದೇನೆ, ಸೊಪ್ಪಿನಲ್ಲಿ ಉಳಿದ ಸ್ವಲ್ಪ ವಿಷವೂ ಹುಳುಗಳನ್ನು ಕೊಲ್ಲುತ್ತದೆ.

ತೆಲುಗಿನಲ್ಲಿ ಇದು ಕಂಬಳಿ ಚೆಟ್ಟು, ಕನ್ನಡದಲ್ಲೂ ‘ಕಂಬಳಿ ಗಿಡ’ ಎಂಬ ಹೆಸರುಂಟು. ನಾನು ಅದನ್ನು ಬಿಟ್ಟಿದ್ದೇನೆ. ಮೈತುಂಬ ರೋಮವಿರುವ ಕಂಬಳಿ ಹುಳು ಹಿಪ್ಪುನೇರಳೆಯನ್ನು ಮೇಯುವ ಶತ್ರು, ರೇಷ್ಮೆ ಹುಳುವಾದರೋ ನುಣುಪು ಮೈಯದು. ಕಂಬಳಿ ಗಿಡದ ಹುಳು ಕಂಬಳಿ ಹುಳುವೇ ಎಂದು ಮಕ್ಕಳು ತಿಳಿದರೆ ತಪ್ಪು ಅವರದಾಗುವುದಿಲ್ಲ.

‘ಹಿಪ್ಪುನೇರಳೆ’ಯ ‘ಹಿಪ್ಪು’ ಎಲ್ಲಿಯದು? ಸಂಬಂಧದಲ್ಲಿ ಈ ಗಿಡ ನೇರಳೆಯೂ ಅಲ್ಲ, ಹಿಪ್ಪೆಯೂ ಅಲ್ಲ. ನೇರಳೆ ಸೀಬೆ, ಲವಂಗಗಳ ಕುಟುಂಬದ್ದು, ಹಿಪ್ಪೆ ಸಪೋಟದ ಕುಟುಂಬದ್ದು, ಇದು ಹಲಸು, ಆಲ, ಅತ್ತಿಗಳ ಕುಟುಂಬದ್ದು. ಹಣ್ಣು ಕೂಡ ಪುಟ್ಟ ಹಲಸೇ, ಒಂದೊಂದು ಹೂವಿನ ತಿರುಳು ಸೇರಿ ಒಂದು ಹಣ್ಣಾಗಿದೆ. ಬಣ್ಣದಿಂದ ‘ನೇರಳೆ’ ಬಂದಿರಬೇಕು. ‘ಹಿಪ್ಪು’ವಿಗೆ ನನ್ನದೊಂದು ಊಹೆ: ಪಿಪ್ಪಲಿ ಹಿಪ್ಪಲಿಯಾದದ್ದು ಪಾಲು ಹಾಲಾದಂತೆ. ಹಿಪ್ಪಲಿಯ ಉದ್ದನೆಯ, ಉಬ್ಬುಬ್ಬಾದ ಕಾಯಿಗೂ ಎಳೆಯ ಹಿಪ್ಪುನೇರಳೆ ಕಾಯಿಗೂ ರೂಪದಲ್ಲಿ ಹತ್ತಿರದ ಹೋಲಿಕೆ. ‘ಉಪ್ಪುನೇರಳೆ’ ಎಂಬ ರೂಪವೂ ಇರುವುದರಿಂದ ಈ ಊಹೆಗೆ ಹಳೆಯ ಬಳಕೆಯ ಆಧಾರ ಬೇಕು. ಶಾಸನ, ಕಾವ್ಯ, ವೈದ್ಯಗ್ರಂಥಗಳಲ್ಲಿ ‘ಹಿಪ್ಪಲಿ ನೇರಳೆ’ಯನ್ನು ಹೋಲುವ ರೂಪವನ್ನು ಕಂಡವರು ದಯವಿಟ್ಟು ಬರೆಯಿರಿ.

ನೆಡುವ ಭಾಗದಲ್ಲಿ ತೊಂದರೆಯಿಲ್ಲ, ಪದಗಳು ಸಿದ್ಧವಾಗಿಯೇ ಇವೆ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ ಬಲಿತ ಕಡ್ಡಿ, ಅರ್ಧಕ್ಕಿಂತ ಹೆಚ್ಚು ಮಣ್ಣಿನೊಳಗೆ, ಕಣ್ಣು ಮೇಲ್ಮುಖವಾಗಿ. ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ತಳದಲ್ಲಿ ತೂತಿರುವ, ಒಂದಡಿಗೆ ಕಡಿಮೆಯಿಲ್ಲದ ಕುಂಡ. ಮೇಲ್ಮಣ್ಣು ಒಣಗಿದ ಮೇಲೆ ನೀರು. ತಳಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಸೇರಿಸಿದ್ದೇನೆ. ಹೊಲದಿಂದ ತರುವ ಕಡ್ಡಿ ಹೆಚ್ಚಾಗಿ ವಿ-1 ತಳಿಯದಾಗಿರುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಬಿಡುಗಡೆ ಮಾಡಿದ ಈ ತಳಿಯನ್ನು ಅಗಲವಾದ, ದಪ್ಪನೆಯ ಸೊಪ್ಪಿಗಾಗಿ ಆರಿಸಿದ್ದು. ಹಣ್ಣು ಬಯಸುವವರು ಹಣ್ಣು ಬಿಡುತ್ತಿರುವ ಗಿಡದಿಂದಲೇ ಕಡ್ಡಿ ತರಬೇಕು, ಏಕೆಂದರೆ ಗಂಡು ಹೂವನ್ನು ಮಾತ್ರ ಬಿಡುವ ಗಿಡಗಳೂ ಇವೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಪ್ರೂನಿಂಗ್. ಕುಂಡದ ಹಿಪ್ಪುನೇರಳೆಯ ಆರೈಕೆಯಲ್ಲಿ ಅರ್ಧ ಭಾಗ ಅದೇ. ಹಣ್ಣು ಮುಗಿದ ಮೇಲೆ ರೆಂಬೆಗಳನ್ನು ಕತ್ತರಿಸಿ, ಉಳಿದ ಎಲೆಗಳನ್ನು ತೆಗೆದರೆ ಕೆಲವೇ ವಾರಗಳಲ್ಲಿ ಹೊಸ ಚಿಗುರು ಬಂದು, ಆ ಚಿಗುರಿನ ಬುಡದಲ್ಲೇ ಹೂವು ಕಾಣಿಸುತ್ತದೆ. ಕತ್ತರಿಸಲು ಹೆದರುವವರ ಗಿಡ ಉದ್ದವಾಗಿ ಬೆಳೆದು, ಬೇರು ಕುಂಡವನ್ನು ತುಂಬಿ, ಸೊರಗುತ್ತದೆ. ಕುಂಡ ಬದಲಿಸುವಾಗ ಬೇರನ್ನೂ ಸ್ವಲ್ಪ ಕತ್ತರಿಸಬೇಕು. ಇಷ್ಟು ಮುಖ್ಯವಾದ ಕೆಲಸಕ್ಕೆ ಯಾವ ಪದ?

ಕೃಷಿ ಪ್ರಕಟಣೆಗಳಲ್ಲಿ ‘ಸವರುವಿಕೆ’ ಇದೆ. ಒಳ್ಳೆಯ ಪದ. ಆದರೆ ತಲೆ ಸವರುವುದು, ಎಣ್ಣೆ ಸವರುವುದನ್ನು ಮಾತ್ರ ಬಲ್ಲ ನಗರದ ಮಕ್ಕಳು ‘ಗಿಡವನ್ನು ಸವರಿ’ ಎಂದರೆ ಎಲೆಯ ಮೇಲೆ ಕೈಯಾಡಿಸಿಯಾರು. ‘ಕಟಾವು’ ಎಂದರೆ ಮಂಡ್ಯದವರ ಮನಸ್ಸಿಗೆ ಮೊದಲು ಬರುವುದು ಕಬ್ಬು, ಅದು ಬೆಳೆ ಕೈಗೆ ಬರುವ ಹೊತ್ತು. ರೆಂಬೆಸಹಿತ ಸೊಪ್ಪು ಕೊಯ್ಯುವ ರೇಷ್ಮೆ ರೈತನಿಗೆ ಕತ್ತರಿಸುವುದೂ ಕೊಯ್ಲೂ ಒಂದೇ ಆದ್ದರಿಂದ ಅವನಿಗೆ ಆ ಪದ ಸರಿಹೊಂದುತ್ತದೆ, ಹಣ್ಣಿಗಾಗಿ ಕಾಯುವವರಿಗೆ ಹೊಂದುವುದಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಇದೇ ಕೆಲಸಕ್ಕೆ ‘ಕಸಿ’ ಎನ್ನುತ್ತಾರೆ, ನೆರಳಿನ ಮರಗಳನ್ನು ಸವರುವುದು ‘ಮರಗಸಿ’. ಇಲ್ಲಿ ಮೈಸೂರಿನಲ್ಲಿ ಕಸಿ ಎಂದರೆ ಮಾವಿನ ಕಸಿ, ಎರಡು ಗಿಡಗಳನ್ನು ಕೂಡಿಸುವುದು. ‘ಕುಡಿ ಚಿವುಟುವುದು’ ಸುಂದರವಾಗಿದೆ, ಆದರೆ ಅದು ಉಗುರಿನ ಕೆಲಸ. ಬಲಿತ ರೆಂಬೆಗೆ ಕತ್ತರಿ ಬೇಕು.

ಸದ್ಯಕ್ಕೆ ‘ರೆಂಬೆ ಸವರುವುದು’ ಎಂದು ಬರೆದಿದ್ದೇನೆ. ‘ಗಿಡ’ದ ಬದಲು ‘ರೆಂಬೆ’ ಎಂದರೆ ಕೈಯಾಡಿಸುವ ಅರ್ಥ ಹಿಂದೆ ಸರಿಯುತ್ತದೆ ಎಂಬ ಲೆಕ್ಕ. ಟಿ. ನರಸೀಪುರ, ಮಳವಳ್ಳಿ, ಕೊಳ್ಳೇಗಾಲದ ಕಡೆಯ ಹಿರಿಯ ಬೆಳೆಗಾರರ ಮನೆಗಳಲ್ಲಿ, ಸೊಪ್ಪಿಗಾಗಿ ಅಲ್ಲದೆ ಗಿಡ ಚಿಗುರಲೆಂದೇ ಕತ್ತರಿಸುವುದಕ್ಕೆ ಬೇರೆ ಮಾತು ಬಳಕೆಯಲ್ಲಿದೆಯೇ? ಇದ್ದರೆ ಊರಿನ ಹೆಸರಿನೊಂದಿಗೆ, ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.