ಅಪ್‌ಡೇಟ್: ಅಮ್ಮನ ಥೆರಪಿಗೆ ಮಗಳೇ ದುಭಾಷಿ ಆಗಬಹುದೇ?

ವಲಸೆ ಬಂದ ತಾಯಿಯ ಥೆರಪಿಯಲ್ಲಿ (ಮನೋಚಿಕಿತ್ಸೆಯಲ್ಲಿ) ಹದಿಹರೆಯದ ಮಗಳು ಅನುವಾದ ಮಾಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಉತ್ತರ: ಖಂಡಿತ ಬೇಡ. ಮಗಳ ಎದುರು ತಾಯಿ ಸಾಯುವ ಯೋಚನೆಯ ಬಗ್ಗೆ ಬಾಯಿಬಿಡುವುದಿಲ್ಲ; ಬಿಟ್ಟರೂ ಮಗಳು ಮಾತನ್ನು ಮೆತ್ತಗೆ ಮಾಡಿ ದಾಟಿಸುತ್ತಾಳೆ, ಆ ಭಾರವನ್ನು ಮನೆಗೂ ಹೊತ್ತೊಯ್ಯುತ್ತಾಳೆ.

ತರಬೇತಾದ ದುಭಾಷಿಯನ್ನೇ ಕೇಳಿ. ಸೆಷನ್‌ಗೆ ಮುಂಚೆ 10 ನಿಮಿಷ ಥೆರಪಿಸ್ಟ್ ಆ ದುಭಾಷಿಯೊಂದಿಗೆ ಮಾತಾಡಿಕೊಳ್ಳಲಿ. ‘ಎದೆ ಭಾರ’ ಎಂಬುದು ಅನುವಾದದಲ್ಲಿ ‘ಎದೆನೋವು’ ಆಗಿಬಿಟ್ಟರೆ ಮನಸ್ಸಿನ ಸಂಕಟ ಹೃದಯದ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ದುಭಾಷಿ ತಾಯಿ ಆಡಿದ ಮಾತನ್ನೇ ಹೇಳಿ ಅರ್ಥ ಬಿಡಿಸಬೇಕು. ಥೆರಪಿಸ್ಟ್ ತಾಯಿಯನ್ನೇ ನೋಡಿ ಮಾತಾಡಲಿ, ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಲಿ.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ, 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವಿದೆ; ತನ್ನ ಸಮಸ್ಯೆಯನ್ನು ರೋಗಿ ತಾನೇ ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂದು ಅದು ಕೇಳುತ್ತದೆ. ಮೊದಲ ಭೇಟಿಯಲ್ಲೇ ಅದನ್ನು ಬಳಸುತ್ತೀರಾ ಎಂದು ಥೆರಪಿಸ್ಟ್‌ರನ್ನು ಧೈರ್ಯವಾಗಿ ಕೇಳಿ.