ಹುಣ್ಣು ಹಸಿಯಿರುವಾಗಲೇ ತೋರಿಸಿ: ಜನನಾಂಗದ ಹರ್ಪಿಸ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡವೆಂದ ಸದಸ್ಯರು, ತುಮಕೂರು):
ನಮಸ್ಕಾರ ಡಾಕ್ಟರ್. ನನಗೆ 32 ವರ್ಷ. ಮೊನ್ನೆಯಿಂದ ಗುಪ್ತಾಂಗದ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳು ಐದಾರು ಒತ್ತಾಗಿ ಎದ್ದಿವೆ. ಎರಡು ಒಡೆದು ಹುಣ್ಣಾಗಿವೆ. ಮೂತ್ರ ತಾಗಿದರೆ ಉರಿ ತಡೆಯಲಾಗುವುದಿಲ್ಲ. ತೊಡೆಸಂದಿಯಲ್ಲಿ ಗಂಟು, ಮೈಯಲ್ಲಿ ಜ್ವರ. ಔಷಧಿ ಅಂಗಡಿಯಲ್ಲಿ ತುರಿಕೆಗೆಂದು ಕೊಟ್ಟ ಮುಲಾಮು ಹಚ್ಚಿದೆ, ಇನ್ನಷ್ಟು ಹೆಚ್ಚಾಯಿತು. ಗಾಬರಿಯಲ್ಲಿ ನಾನೇ ಹೋಗಿ ರಕ್ತ ಕೊಟ್ಟೆ. ‘ಹರ್ಪಿಸ್ ಐಜಿಎಂ ಪಾಸಿಟಿವ್’ ಎಂದು ಬಂದಿದೆ. ಮದುವೆಗೆ ಮೊದಲು ಒಂದು ಸಂಬಂಧವಿತ್ತು, ಅದು ಮುಗಿದು ಆರು ವರ್ಷವಾಯಿತು. ಹೆಂಡತಿ ಏಳು ತಿಂಗಳ ಬಸುರಿ, ತವರಿನಲ್ಲಿದ್ದಾಳೆ. ಹತ್ತು ದಿನದ ಹಿಂದೆ ಹೋಗಿ ಬಂದಿದ್ದೆ. ಇದು ಆ ರೋಗವೇ? ಯಾರ ಬಳಿ ಹೇಳಿಕೊಳ್ಳಲಿ?

ಉತ್ತರ (ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆ):
ಹೇಳಿಕೊಂಡಿರಲ್ಲ, ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಾಳೆ ಬೆಳಿಗ್ಗೆಯೇ ಆಗಬೇಕು. ಚರ್ಮರೋಗ ತಜ್ಞರ ಬಳಿ ಹೋಗಿ ಹುಣ್ಣನ್ನು ತೋರಿಸಿ.

ನೀವು ವಿವರಿಸಿದ ರೀತಿ ಹರ್ಪಿಸ್ ಎಂಬ ವೈರಸ್ ಸೋಂಕಿನ ಮೊದಲ ಬಾರಿಯ ಕಾಟವನ್ನೇ ಹೋಲುತ್ತದೆ. ಆದರೆ ಕಣ್ಣಿನಿಂದ ನೋಡದೆ ನಾನು ತೀರ್ಪು ಕೊಡುವುದಿಲ್ಲ. ಮತ್ತೊಂದು ಲೈಂಗಿಕ ರೋಗವಾದ ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ಒಂದೇ ಇರುತ್ತದೆ, ಅಂಚು ಗಟ್ಟಿ, ನೋವಿಲ್ಲ. ನೋವಿಲ್ಲವೆಂದೇ ಜನ ಅದನ್ನು ಕಡೆಗಣಿಸುತ್ತಾರೆ, ಅದು ತಾನಾಗಿ ಮಾಯುತ್ತದೆ, ಕಾಯಿಲೆ ಮಾತ್ರ ಒಳಗೇ ಉಳಿಯುತ್ತದೆ. ಇನ್ನೊಂದನ್ನು ನಮ್ಮಲ್ಲಿ ಬಹಳ ಸಲ ಹರ್ಪಿಸ್ ಎಂದು ತಪ್ಪು ತಿಳಿಯುತ್ತಾರೆ: ಔಷಧದ ಅಲರ್ಜಿ. ನೋವಿನ ಮಾತ್ರೆಯನ್ನೋ ಭೇದಿಗೆ ಕೊಡುವ ಟಿನಿಡಜೋಲ್ ಅನ್ನೋ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ. ಇತ್ತೀಚೆಗೆ ಯಾವ ಮಾತ್ರೆ ನುಂಗಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಆ ಮುಲಾಮನ್ನು ಇಂದೇ ನಿಲ್ಲಿಸಿ. ತುರಿಕೆಗೆಂದು ಮಾರುವ ಇಂಥ ಮಿಶ್ರಣಗಳಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ.

ಇನ್ನು ಆ ರಕ್ತಪರೀಕ್ಷೆ. ಅದನ್ನು ನಂಬಬೇಡಿ. ಐಜಿಎಂ ಎಂದರೆ ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ; ಅದು ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಬರಬಹುದು, ಸೋಂಕೇ ಇಲ್ಲದವರಲ್ಲೂ ಬರಬಹುದು. ಆ ಒಂದು ಕಾಗದ ಹಿಡಿದು ಗಂಡ ಹೆಂಡತಿ ದೂರವಾಗುವಷ್ಟು ಜಗಳವಾಡಿದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ನಿಮಗೆ ಬೇಕಾದದ್ದು ಹುಣ್ಣಿನಿಂದಲೇ ತೆಗೆಯುವ ಪಿಸಿಆರ್ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮೂಗಿಗೆ ಹಾಕುತ್ತಿದ್ದರಲ್ಲ, ಅಂಥದೇ ಹತ್ತಿಯ ಕಡ್ಡಿಯಿಂದ ಹುಣ್ಣಿನ ಬುಡವನ್ನು ಒರೆಸಿ ಕಳುಹಿಸುತ್ತಾರೆ. ವೈರಸ್ ಇದೆಯೇ, ಅದು ಒಂದನೆಯ ಬಗೆಯೋ ಎರಡನೆಯದೋ, ಎರಡನ್ನೂ ಅದು ಹೇಳುತ್ತದೆ. ಹಕ್ಕಳೆ ಕಟ್ಟಿದ ಮೇಲೆ ಹೋದರೆ ವೈರಸ್ ಸಿಗುವುದು ಕಷ್ಟ, ನೆಗೆಟಿವ್ ಬಂದರೂ ನಂಬುವಂತಿಲ್ಲ. ಆದ್ದರಿಂದಲೇ ನಾಳೆ ಎಂದೆ.

ಫಲಿತಾಂಶಕ್ಕೆ ಕಾಯದೆ ಅವರು ವೈರಸ್ ತಡೆಯುವ ಏಸೈಕ್ಲೊವಿರ್ ಮಾತ್ರೆ ಶುರುಮಾಡಬಹುದು. ಸಾಮಾನ್ಯವಾಗಿ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 7ರಿಂದ 10 ದಿನ. ಬೇಗ ಶುರುವಾದಷ್ಟೂ ನೋವು ಬೇಗ ಇಳಿಯುತ್ತದೆ. ಜೊತೆಗೆ ಸಿಫಿಲಿಸ್ ಪತ್ತೆಗೆ ವಿಡಿಆರ್‌ಎಲ್ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ.

ಹೆಂಡತಿಯ ವಿಷಯವೇ ಇಲ್ಲಿ ದೊಡ್ಡದು. ಹೆರಿಗೆಗೆ ಹತ್ತಿರದಲ್ಲಿ ತಾಯಿಗೆ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ದಾಟುವ ಸಾಧ್ಯತೆ ಶೇ 30ರಿಂದ 50. ಮೊದಲಿನಿಂದಲೇ ಇದ್ದರೆ ಶೇ 1ಕ್ಕಿಂತ ಕಡಿಮೆ, ಏಕೆಂದರೆ ತಾಯಿಯ ಪ್ರತಿಕಾಯಗಳು ಮಗುವನ್ನು ಕಾಯುತ್ತವೆ. ಹೆರಿಗೆಯಾಗುವವರೆಗೆ ದೈಹಿಕ ಸಂಪರ್ಕ ಬೇಡ. ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಆಕೆಯ ಹೆರಿಗೆ ವೈದ್ಯರಿಗೆ ವಿಷಯ ತಿಳಿಯಲೇಬೇಕು. ಒಂದು ಮಾತು ಕೇಳಿ ಹೇಳಿ: ಆಕೆಗೆ ಜ್ವರ ಬಂದಾಗ ತುಟಿಯ ಮೇಲೆ ಬೊಕ್ಕೆ ಏಳುತ್ತವೆಯೇ?

ಪ್ರಶ್ನೆ (ಮತ್ತೊಬ್ಬ ಸದಸ್ಯೆ):
ಮೇಡಂ, ನನಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಗರ್ಭಕ್ಕೆ ತೊಂದರೆ ಕೊಡಬಹುದಾದ ಸೋಂಕುಗಳನ್ನು ಹುಡುಕುವ ಟಾರ್ಚ್ ರಕ್ತಪರೀಕ್ಷೆ ಮಾಡಿಸಿದರು. ಎಚ್‌ಎಸ್‌ವಿ-1 ಐಜಿಜಿ ಪಾಸಿಟಿವ್. ಅದನ್ನು ಓದಿದ ನಮ್ಮ ಅತ್ತೆ ಅಂದಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಉತ್ತರ:
ಐಜಿಜಿ ಪಾಸಿಟಿವ್ ಎಂದರೆ ಹಿಂದೆಂದೋ ಆ ಸೋಂಕು ತಗುಲಿತ್ತು ಎಂದಷ್ಟೇ. ನಿಮ್ಮ ಅತ್ತೆಯವರ ರಕ್ತ ತೆಗೆದರೂ ಬಹುಶಃ ಅದೇ ಬರುತ್ತದೆ ಎಂದು ನಾನು ಹೇಳಿದೆನೆಂದು ತಿಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ 380 ಕೋಟಿ ಜನರಲ್ಲಿ ಈ ಒಂದನೆಯ ಬಗೆಯ ಹರ್ಪಿಸ್ ವೈರಸ್ (ಎಚ್‌ಎಸ್‌ವಿ-1) ಇದೆ. ಹೆಚ್ಚಿನವರಿಗೆ ಬಾಲ್ಯದಲ್ಲೇ, ಮನೆಯವರು ಮುದ್ದಿಸಿದ ಎಂಜಲಿನಿಂದ ಬಂದದ್ದು. ಅದು ನಿಮ್ಮ ನಡತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಗರ್ಭ ನಿಲ್ಲದಿರುವುದಕ್ಕೆ ಅದೇ ಕಾರಣವೆನ್ನಲೂ ಆಗದು. ಪದೇ ಪದೇ ಗರ್ಭಪಾತವಾದವರಿಗೆ ಟಾರ್ಚ್ ಪರೀಕ್ಷೆಯಿಂದ ಪ್ರಯೋಜನವಿಲ್ಲ, ಬೇರೆ ಕಾರಣ ಹುಡುಕುವ ಸ್ತ್ರೀರೋಗ ತಜ್ಞರನ್ನು ನೋಡಿ.

ಪ್ರಶ್ನೆ (ಸದಸ್ಯರೊಬ್ಬರು):
ನಮ್ಮ ಕಡೆ ಸರ್ಪಸುತ್ತಿಗೂ ಹರ್ಪಿಸ್ ಎನ್ನುತ್ತಾರೆ. ಎರಡೂ ಒಂದೆಯೇ? ಊರಿನಲ್ಲಿ ಗುರುತಿನವರ ಕಣ್ಣಿಗೆ ಬೀಳದೆ ತೋರಿಸುವುದು ಹೇಗೆ?

ಉತ್ತರ:
ಒಂದೇ ಕುಟುಂಬ, ಬೇರೆ ವೈರಸ್. ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್‌ನಿಂದ ಬರುತ್ತದೆ, ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತದೆ, ಲೈಂಗಿಕ ರೋಗವಲ್ಲ.

ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ಇರುತ್ತದೆ. ಪರೀಕ್ಷೆ, ಔಷಧ ಉಚಿತ. ಅಲ್ಲಿ ಹೆಚ್ಚಾಗಿ ಲಕ್ಷಣ ನೋಡಿಯೇ ಬಣ್ಣದಿಂದ ಗುರುತಿಸಿದ ಔಷಧದ ಕಿಟ್ ಕೊಡುತ್ತಾರೆ. ಹರ್ಪಿಸ್ ಹುಣ್ಣಿಗೆ ಕೆಂಪು, ಇತರ ಹುಣ್ಣುಗಳಿಗೆ ಬಿಳಿ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಎಚ್‌ಐವಿ ಮತ್ತು ಲೈಂಗಿಕ ರೋಗಗಳ 1097 ಸಹಾಯವಾಣಿಗೆ ಕರೆ ಮಾಡಿ. ಪಕ್ಕದ ಜಿಲ್ಲೆಗೆ ಹೋದರೂ ಸರಿ, ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆಸಿಕೊಂಡವರ ಬಳಿ ಮಾತ್ರ ಹೋಗಬೇಡಿ.

ಮೊದಲ ಸದಸ್ಯರು, ಐದು ದಿನಗಳ ನಂತರ:
ಡಾಕ್ಟರ್, ಪಿಸಿಆರ್ ಬಂತು. ಎಚ್‌ಎಸ್‌ವಿ-1. ವಿಡಿಆರ್‌ಎಲ್, ಎಚ್‌ಐವಿ ನೆಗೆಟಿವ್. ಮಾತ್ರೆಯಿಂದ ಜ್ವರ ಬಿಟ್ಟಿದೆ. ಹೆಂಡತಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಚಿಕ್ಕಂದಿನಿಂದ ತುಟಿಯ ಮೇಲೆ ಬೊಕ್ಕೆ ಬರುತ್ತದಂತೆ. ನಾನು ಹೋದಾಗಲೂ ಇತ್ತು ಎಂದಳು.

ಉತ್ತರ:
ಹಾಗಾದರೆ ಇದು ತುಟಿಯಿಂದ ದಾಟಿರುವ ಸಾಧ್ಯತೆಯೇ ಹೆಚ್ಚು. ಬಾಯಿಯಿಂದ ಗುಪ್ತಾಂಗಕ್ಕೆ ಹೀಗೆ ಬರುವುದು ಅಪರೂಪವಲ್ಲ. ಎರಡನೆಯ ಬಗೆಯಷ್ಟು ಇದು ಮರುಕಳಿಸುವುದೂ ಇಲ್ಲ.

ರಕ್ತಪರೀಕ್ಷೆಯನ್ನು ಬೈದ ನಾನೇ ಈಗ ಒಂದನ್ನು ಮಾಡಿಸಿ ಎನ್ನುತ್ತೇನೆ: ನಿಮ್ಮ ಹೆಂಡತಿಗೆ ವೈರಸ್‌ನ ಎರಡು ಬಗೆಗಳನ್ನು ಬೇರೆಬೇರೆಯಾಗಿ ತೋರಿಸುವ ಐಜಿಜಿ. ಒಂದನೆಯ ಬಗೆ ಆಕೆಯಲ್ಲಿ ಮೊದಲೇ ಇದ್ದದ್ದು ಖಚಿತವಾದರೆ ಮಗುವಿನ ಬಗ್ಗೆ ನಿಮಗಿರುವ ಭಯ ಬಹುಪಾಲು ಕರಗುತ್ತದೆ. ಆದರೂ ಹೆರಿಗೆ ನೋವು ಶುರುವಾದಾಗ ಕೆಳಗೆ ಗುಳ್ಳೆ, ಉರಿ ಏನಾದರೂ ಇದ್ದರೆ ಕೂಡಲೇ ಹೇಳಬೇಕು. ಆಗ ಸಿಸೇರಿಯನ್ ಮಾಡುತ್ತಾರೆ. ಮಗು ಹುಟ್ಟಿದ ಮೇಲೆ ತುಟಿಯಲ್ಲಿ ಬೊಕ್ಕೆ ಇರುವ ಯಾರೂ, ಅಜ್ಜಿಯಾಗಲಿ ಅತ್ತೆಯಾಗಲಿ, ಅದು ಮಾಯುವವರೆಗೆ ಕೂಸಿಗೆ ಮುತ್ತಿಡುವಂತಿಲ್ಲ. ತಾಯಿಗೆ ಬೊಕ್ಕೆ ಎದ್ದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದು ಹಾಲು ಕುಡಿಸಬಹುದು.